ಅಂಗಾಲಿನ ಬೊಟ್ಟು

ಖಾಕಿ ತೊಟ್ಟ ಮೇಲೆ ಜನ ನನ್ನನ್ನು ಏನೇನೋ ಕೇಳಿದ್ದಾರೆ. ಸಾಹೇಬರು ಯಾವಾಗ ಬರ್ತಾರೆ, ಗಾಡಿ ಯಾವಾಗ ಬಿಡ್ತೀರಿ, ನಮ್ಮ ಹುಡುಗನ ಮೇಲೆ ಕೇಸು ಹಾಕಲೇಬೇಕಾ. ದೇವರ ವಿಚಾರ ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿಸಿಕೊಳ್ಳುವ ಮುಖವೂ ನನ್ನದಲ್ಲ. ಹಾಗಿರುವಾಗ ಹುಣಸೂರಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ, ಒಂದು ಕಣ್ಣು ಪೂರ್ತಿ ಮುಚ್ಚಿಹೋಗುವಷ್ಟು ಊದಿಕೊಂಡಿದ್ದ ಹೆಂಗಸೊಬ್ಬಳು ನನ್ನ ಬೆಲ್ಟು ಹಿಡಿದು ಕೇಳಿದಳು.

"ಅಕ್ಕಾ, ಉಟ್ಟೋಕ್ ಮುಂಚೆನೇ ದ್ಯಾವ್ರಿಗೆ ಎಲ್ರ ಗುರ್ತೂ ಇರ್ತದಂತೆ. ನಂಬೋರ್ದೂ ಸೈತ, ನಂಬ್ದಿರೋರ್ದೂ ಸೈತ. ನನ್ ಕೂಸಿನ ಗುರ್ತು ಇತ್ತಾ ಅವ್ನಿಗೆ?"

ನಾನು ಹೆಡ್ ಕಾನ್‌ಸ್ಟೆಬಲ್. ಹೊಡೆತ ತಿಂದವಳ ಹೇಳಿಕೆ ಬರೆದುಕೊಳ್ಳಲು ಹೋಗಿದ್ದವಳು. "ಅದಿರ್ಲಿ, ಮೊದ್ಲು ಒದ್ದೋರು ಯಾರು ಅದನ್ನ ಹೇಳಮ್ಮ" ಎಂದೆ.

ಹೇಳಿಕೆ ಪಡೆಯುವುದಕ್ಕೂ ಒಂದು ಕ್ರಮವಿದೆ. ಮಾತಾಡುವ ಸ್ಥಿತಿಯಲ್ಲಿದ್ದಾಳೆ ಎಂದು ವೈದ್ಯರು ಬರೆದುಕೊಡಬೇಕು. ಗಂಡನ ಕಡೆಯವರು ಹತ್ತಿರ ಸುಳಿಯಬಾರದು. ಅವಳು ಆಡಿದ್ದನ್ನು ಅವಳ ಮಾತಿನಲ್ಲೇ ಬರೆಯಬೇಕು, ನಮ್ಮ ಠಾಣೆಯ ಕನ್ನಡಕ್ಕೆ ತಿದ್ದಬಾರದು. ಡಾಕ್ಟರಮ್ಮ ಬರೆದುಕೊಟ್ಟರು. ಕೊಡುತ್ತಾ, ದನಿ ತಗ್ಗಿಸಿ, "ಪಕ್ಕೆಲುಬು ಮುರಿದಿದೆ. ಹೊಟ್ಟೆ ಮೇಲೆ ಚಪ್ಪಲಿ ಅಚ್ಚು ಹಾಗೇ ಇದೆ. ಹೆರಿಗೆ ಮನೆಯಲ್ಲೇ ಆಗಿದೆ. ಮಾಸು ಒಳಗೇ ಉಳಿದಿತ್ತು, ನಾನು ತೆಗೆದೆ. ಆದ್ರೆ ಮಗು ಎಲ್ಲಿ ಅಂದ್ರೆ ಯಾರೂ ಬಾಯಿ ಬಿಡ್ತಿಲ್ಲ" ಎಂದರು.

ಅವಳು ಹೇಳಿದ್ದು ಇಷ್ಟು. ಗಾವಡಗೆರೆ ಹೋಬಳಿಯ ಒಂದು ಹಳ್ಳಿ. ಹಿಂದೆ ಎರಡು ಸಲ ಹೊಟ್ಟೆ ನಿಂತು ಇಳಿದುಹೋಗಿತ್ತು. ಈ ಸಲ ಏಳು ತಿಂಗಳು ದಾಟಿತ್ತು. ಪಕ್ಕದ ಮನೆಯಾಕೆ ಏಸುವನ್ನು ನಂಬುವವಳು. ಮನೆಯ ಹಜಾರದಲ್ಲೇ ಭಾನುವಾರ ಭಾನುವಾರ ಪ್ರಾರ್ಥನೆ ಮಾಡಿಸುತ್ತಿದ್ದಳು. ಈ ಕೂಸಾದರೂ ಉಳಿಯಲಿ ಎಂದು ಇವಳು ಅಲ್ಲಿಗೆ ಹೋಗಿ ಕೂತಿದ್ದಳು. ಅವರು ಇವಳ ಹೊಟ್ಟೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಸುದ್ದಿ ಗಂಡನ ಕಿವಿಗೆ ಬಿತ್ತು.

"ನಮ್ ಮನೆದ್ಯಾವ್ರು ಕೊಟ್ಟಿರೋ ಕೂಸಿನ ಮ್ಯಾಲೆ ಯಾರ ಕೈ ಇಕ್ಸಿದ್ದೀಯೇ ಅಂತ ಒದ್ದ ಅಕ್ಕ. ಮೈದ್ನ ಕೈ ಇಡ್ಕಂಡಿದ್ದ. ಕುಡ್ದಿರ್ನಿಲ್ಲ. ಬರ್ಕಳಿ, ಕುಡ್ದಿರ್ನಿಲ್ಲ ಅವ್ನು."

ಒರಳುಕಲ್ಲಿನ ಮೇಲೆ ಬಿದ್ದಳು. ಆಮೇಲೆ ನೋವು ಕಿತ್ತುಕೊಂಡಿತು, ಪ್ರಜ್ಞೆ ಹೋಯಿತು, ಬಂತು, ಹೋಯಿತು. ಪೂರ್ತಿ ಎಚ್ಚರವಾದಾಗ ಹೊಟ್ಟೆ ಬರಿದಾಗಿತ್ತು. ಸತ್ತೇ ಹುಟ್ಟಿತು, ಮಣ್ಣು ಮಾಡಿದೆವು ಎಂದು ಅತ್ತೆ ಹೇಳಿದಳಂತೆ. ಆಮೇಲೆ ಇವಳಿಗೆ ರಕ್ತ ನಿಲ್ಲದೆ ಹೋದಾಗ, ಗಂಡನ ಮನೆಯವರು ಯಾರೂ ಅಲ್ಲಾಡದೆ ಇದ್ದಾಗ, ಅದೇ ಪಕ್ಕದ ಮನೆಯಾಕೆ ಗೂಡ್ಸ್ ಆಟೊಗೆ ಹಾಕಿಕೊಂಡು ಆಸ್ಪತ್ರೆಗೆ ತಂದಿದ್ದಳು.

"ನಡುವೆ ಒಂದ್ಸಲ ಅಳು ಕೇಳ್ತು ಅಕ್ಕ. ನಾನು ಕೇಳಿಸ್ಕಂಡೆ. ಅವ್ರು ಬೆಕ್ಕು ಅಂತವ್ರೆ."

ಆ ಮಾತು ಬರೆಯುತ್ತಿದ್ದಾಗಲೇ ವಾರ್ಡಿನ ಬಾಗಿಲು ಧಡಾರನೆ ತೆರೆದುಕೊಂಡಿತು. ಮೈದುನ, ಅವನ ಹಿಂದೆ ಇನ್ನೊಬ್ಬ. ನಾನು ಮಂಚದ ಆ ಕಡೆ ಕೂತಿದ್ದುದರಿಂದ ಸುತ್ತಿ ಬರುವಷ್ಟರಲ್ಲಿ ಅವನು ಅವಳ ಜಡೆಗೆ ಕೈ ಹಾಕಿ ಎಳೆದಿದ್ದ. ಗ್ಲೂಕೋಸಿನ ಸೂಜಿ ಕಿತ್ತು ರಕ್ತ ಗೋಡೆಗೆ ಸಿಡಿಯಿತು. ಅವಳು ನೆಲಕ್ಕೆ ಬಿದ್ದಳು. ಅವನು ಬಾಯಿಗೆ ಬಂದಂತೆ ಬೈಯುತ್ತಾ ಕಾಲೆತ್ತಿದ. ಕೈಗೆ ಸಿಕ್ಕಿದ್ದು ಪಕ್ಕದ ಮಂಚದ ಕೆಳಗಿದ್ದ ಸ್ಟೀಲಿನ ಬೆಡ್‌ಪ್ಯಾನ್. ಅದರಲ್ಲೇ ಅವನ ಕಿವಿಯ ಮೇಲೆ ಕೊಟ್ಟೆ. ಇನ್ನೊಂದು ಕೊಟ್ಟೆ. ಪಾತ್ರೆ ಖಾಲಿ ಇರಲಿಲ್ಲ, ಅದಕ್ಕೆ ನಾನು ಜವಾಬ್ದಾರಳಲ್ಲ. ಅವನ ಜೊತೆಗೆ ಬಂದವನು ನನ್ನ ಕುತ್ತಿಗೆಗೆ ಕೈ ಹಾಕಿದ. ಬಾಣಂತಿಯೊಬ್ಬಳ ತಾಯಿ ಅವನ ಮುಂಗೈ ಕಚ್ಚಿ ಹಿಡಿದಳು. ಆಸ್ಪತ್ರೆಯ ಕಾವಲಿನವರು ಬಂದು ಇಬ್ಬರನ್ನೂ ಕಟ್ಟಿಹಾಕುವ ಹೊತ್ತಿಗೆ ವಾರ್ಡಿನ ಎಳೆಗೂಸುಗಳೆಲ್ಲ ಒಟ್ಟಿಗೆ ಕಿರುಚುತ್ತಿದ್ದವು. ಅವಳು ನೆಲದ ಮೇಲೆ ಬಿದ್ದುಕೊಂಡೇ ಆ ಅಳುವಿನ ಕಡೆ ಮುಖ ತಿರುಗಿಸಿದ್ದಳು.

"ಇಂಥದ್ದೇ ಅಕ್ಕ" ಎಂದಳು. "ಇಂಥದ್ದೇ ಕೇಳ್ಸಿದ್ದು."

ಕೇಸು ದಾಖಲಾಯಿತು. ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಕೆಲಸದಲ್ಲಿ ಚುರುಕು, ಬಾಯಲ್ಲಿ ಇನ್ನೂ ಚುರುಕು. ನಾನು ಕಣ್ಣಿಗೆ ಕಾಡಿಗೆ ಇಲ್ಲದೆ ಡ್ಯೂಟಿಗೆ ಬಂದವಳಲ್ಲ. ಅದಕ್ಕೆ ಅವರ ತಮಾಷೆ ನಿಂತದ್ದೂ ಇಲ್ಲ. "ಏನಮ್ಮಾ, ಬೆಡ್‌ಪ್ಯಾನಲ್ಲಿ ಹೊಡೆದಾಗ್ಲೂ ಕಾಡಿಗೆ ಕದಲಿಲ್ವಲ್ಲ" ಎಂದರು. "ಕಂಪನಿ ಒಳ್ಳೇದು ಸಾರ್" ಎಂದೆ. ಆಮೇಲೆ ಅವರು ನಗು ಬಿಟ್ಟು ಕೇಸಿನ ಗಂಟು ಎಲ್ಲಿದೆ ಎಂದು ಬಿಡಿಸಿದರು. ಹೊಟ್ಟೆಯೊಳಗೇ ಸತ್ತಿದ್ದರೆ ಅದೊಂದು ಕಲಮು. ಹುಟ್ಟಿ, ಒಂದೇ ಒಂದು ಉಸಿರಾಡಿ, ಆಮೇಲೆ ಸತ್ತಿದ್ದರೆ ಬೇರೆಯೇ ಕಲಮು, ಶಿಕ್ಷೆಯೂ ಬೇರೆ. "ಉಸಿರಾಡಿತ್ತಾ ಇಲ್ವಾ, ಅಷ್ಟೇ ಪ್ರಶ್ನೆ. ತಾಯಿ ಅಳು ಕೇಳಿದೆ ಅಂತಾಳೆ. ಪ್ರಜ್ಞೆ ತಪ್ಪಿದ್ದವಳ ಮಾತು ಕೋರ್ಟಲ್ಲಿ ನಿಲ್ಲಲ್ಲ" ಎಂದರು.

ಪಕ್ಕದ ಮನೆಯಾಕೆಯನ್ನು ನೋಡಲು ಹೋದರೆ ಅವಳ ಮನೆಗೆ ಮುಂಬಾಗಿಲೇ ಇರಲಿಲ್ಲ. ಕೊಡಲಿಯಲ್ಲಿ ಸೀಳಿದ್ದರು. ಮಾಡಿನ ಶೀಟುಗಳು ಚೂರಾಗಿ ಹಜಾರದಲ್ಲಿ ಬಿದ್ದಿದ್ದವು. ಆಕೆಯ ಎಡಗೈ ಮುರಿದು ಕೊರಳಿಗೆ ಕಟ್ಟಿತ್ತು. ಯಾರು ಹೊಡೆದರು ಎಂದು ಕೇಳಿದ್ದಕ್ಕೆ ಹೆಸರುಗಳನ್ನು ಸಲೀಸಾಗಿ ಹೇಳಿದಳು. ಆಮೇಲೆ, ಕೇಳದಿದ್ದರೂ, ಆ ಹುಡುಗಿಗೆ ತಾನು ಹೇಳಿದ್ದು ಸುಳ್ಳಲ್ಲ ಎಂದಳು. ಗರ್ಭದಲ್ಲಿ ರೂಪುಗೊಳ್ಳುವ ಮೊದಲೇ ಪ್ರತಿಯೊಬ್ಬರನ್ನೂ ದೇವರು ನೋಡಿರುತ್ತಾನೆ, ನಂಬುವವರನ್ನು ಮಾತ್ರ ಎಂದೇನಿಲ್ಲ, ಎಲ್ಲರನ್ನೂ.

ನನಗೆ ಮೈಯೆಲ್ಲ ಉರಿಯಿತು. "ಅಷ್ಟು ಗುರುತಿದ್ದೋನು ಅದನ್ನ ಆ ಮನೆಗೇ ಯಾಕ್ ಕಳಿಸಿದ? ಒದೆಯೋ ಕಾಲಿನ ಗುರುತೂ ಅವನಿಗಿತ್ತಲ್ಲ?"

ಅವಳು ಸಿಟ್ಟಾಗಲಿಲ್ಲ. ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. "ಗೊತ್ತಿಲ್ಲ ಕಣ್ ಮೇಡಂ. ನಾನೂ ಅದ್ನೇ ಕೇಳ್ಕಂಡ್ ಕುಂತಿವ್ನಿ" ಎಂದಳು. ಅದಕ್ಕಿಂತ ಹೆಚ್ಚು ಹೇಳಿದ್ದರೆ ನಾನು ಎದ್ದು ಬರುತ್ತಿದ್ದೆ.

ಅತ್ತೆಯ ಮಾತು ಇನ್ನೊಂದು ಥರ. ಒಣಗಿದ ಕಟ್ಟಿಗೆಯಂಥ ಮುದುಕಿ. ಎಷ್ಟು ಗದರಿಸಿದರೂ ಒಂದೇ ಮಾತು: "ಸತ್ತೇ ಉಟ್ತು ಕಣವ್ವ. ಎಸ್ರಿಕ್ಕಿಲ್ಲ, ತೊಟ್ಲಿಗಾಕಿಲ್ಲ, ವಿಧಿಯಮ್ಮ ಬಂದು ಅಣೆ ಮ್ಯಾಲೆ ಬರ್ದಿಲ್ಲ. ಅದ್ಯಾವ ಲೆಕ್ಕಕ್ಕೆ ಅಂತ ಇಷ್ಟ್ ರಂಪ ಮಾಡ್ತೀರಿ?" ಪಕ್ಕದ ಮನೆಯಾಕೆಯ ದೇವರು ಹುಟ್ಟುವ ಮೊದಲೇ ನೋಡಿರುತ್ತಾನೆ, ಇವಳ ವಿಧಿಯಮ್ಮ ಹುಟ್ಟಿದ ಮೇಲೆ ನಿಧಾನವಾಗಿ ಬರುತ್ತಾಳೆ, ನಮ್ಮ ಕಾನೂನು ಉಸಿರಾಡಿದರೆ ಮಾತ್ರ ತಿರುಗಿ ನೋಡುತ್ತದೆ. ಮೂವರ ನಡುವೆ ಕೂಸು ಮಣ್ಣಲ್ಲಿತ್ತು.

ಗಂಡ ಓಡಿಹೋಗಿರಲಿಲ್ಲ. ಹೊಗೆಸೊಪ್ಪಿನ ಕಾಲ. ಸೊಪ್ಪು ಏರಿಸಿದ ಬ್ಯಾರನ್ನಿಗೆ, ಅಂದರೆ ಅದನ್ನು ಹದ ಮಾಡುವ ಗೂಡಿಗೆ, ಹಗಲೂ ರಾತ್ರಿ ಬೆಂಕಿ ಕೊಡಬೇಕು, ಕಾವು ಇಳಿದರೆ ಸೊಪ್ಪೆಲ್ಲ ಕಪ್ಪಾಗಿ ಹಾಳು. ಅವನು ಮನೆಯ ಹಿಂದಿನ ಬ್ಯಾರನ್ನಿನ ಒಲೆಯ ಬಾಯಲ್ಲೇ ಕೂತು ಸೌದೆ ಒಟ್ಟುತ್ತಿದ್ದ. ಸಾಹೇಬರು ಹೆಸರು ಹಿಡಿದು ಕರೆದಾಗ ತಿರುಗಿ ನೋಡಿದ, ಎದ್ದ, ಉರಿಯುವ ಕೊಳ್ಳಿಯೊಂದನ್ನು ಒಲೆಯಿಂದ ಎಳೆದು ನೇರವಾಗಿ ಅವರ ಮುಖಕ್ಕೆ ಬೀಸಿದ. ಅವರು ತೋಳು ಅಡ್ಡ ಕೊಟ್ಟರು. ಅಂಗಿಯ ತೋಳು ಹತ್ತಿಕೊಂಡಿತು. ನಾನು ಹಿಂದಿನಿಂದ ಅವನ ಸೊಂಟಕ್ಕೆ ತೆಕ್ಕೆ ಹಾಕಿದೆ. ಇಬ್ಬರೂ ಕೆಂಡದ ಪಕ್ಕ ಉರುಳಿದೆವು. ಅವನು ಮೊಣಕೈಯಲ್ಲಿ ನನ್ನ ಬಾಯಿಗೆ ಕುಟ್ಟಿದ, ನನ್ನ ಬಾಯಲ್ಲಿ ರಕ್ತ ಬಂತು, ಅದನ್ನು ಅವನ ಕತ್ತಿಗೇ ಉಗಿದು ತೋಳು ಹಿಂದಕ್ಕೆ ತಿರುಚಿದೆ. ಕೋಳ ಬಿದ್ದ ಮೇಲೂ ಅವನು ಒದೆಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಜೀಪಿನ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ದನಿ ತಗ್ಗಿಸಿ ಬೇಡಿಕೊಂಡ.

"ಬೆಂಕಿ ನೋಡ್ಕಳೋಕೆ ಯಾರ್ನಾರ ಬುಡಿ ಸಾ. ಕಾವ್ ಇಳುದ್ರೆ ಎಲ್ಲಾ ಓಯ್ತದೆ."

ಇನ್ನು ಉಳಿದದ್ದು ಹೂತದ್ದನ್ನು ತೆಗೆಯುವ ಕೆಲಸ. ಇದಕ್ಕೆ ಪೊಲೀಸರ ಮಾತು ಸಾಲದು. ತಹಶೀಲ್ದಾರರ ಆಜ್ಞೆ ಬೇಕು, ಅವರು ಖುದ್ದಾಗಿ ನಿಂತಿರಬೇಕು, ವೈದ್ಯರು ಇರಬೇಕು, ಸಾಕ್ಷಿಗೆ ಊರಿಗೆ ಸಂಬಂಧವಿಲ್ಲದ ಪಂಚರು ಇರಬೇಕು, ಮೊದಲಿಂದ ಕೊನೆಯವರೆಗೆ ವಿಡಿಯೊ ಆಗಬೇಕು. ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ಉಸಿರಾಡಿದ ಮಗುವಿನ ಶ್ವಾಸಕೋಶ ನೀರಿನಲ್ಲಿ ತೇಲುತ್ತದೆ, ಆಡದ್ದು ಮುಳುಗುತ್ತದೆ. ಆದರೆ ಮಣ್ಣಲ್ಲಿ ಕೊಳೆಯಲು ಶುರುವಾಗಿದ್ದರೆ ಗಾಳಿ ತಾನಾಗಿಯೇ ತುಂಬಿರುತ್ತದೆ, ತೇಲಿದರೂ ನಂಬುವ ಹಾಗಿಲ್ಲ. "ಪರೀಕ್ಷೆ ಮಾಡ್ತೀನಿ. ಆದ್ರೆ ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ" ಎಂದಿದ್ದರು.

ಕೂಸಿಗೆ ಗುಂಡಿ ತೋಡಿದ್ದ ಆ ಮನೆಯ ಆಳು ಜಾಗ ತೋರಿಸಲು ಒಪ್ಪಿದ. ಎಳೆಗೂಸನ್ನು ಅವರು ಊರ ಮಸಣಕ್ಕೆ ಒಯ್ಯುವುದಿಲ್ಲ. ಹಳ್ಳದ ಪಕ್ಕ, ಹೊಂಗೆಮರದ ಬುಡದಲ್ಲಿ ಹೂತಿದ್ದರು. ನಾಯಿ ನರಿ ಕೆದಕದಿರಲಿ ಎಂದು ಮೇಲೆ ಜಾಲಿಮುಳ್ಳು, ಮುಳ್ಳಿನ ಮೇಲೆ ಕಲ್ಲು. ನಾವು ಟಾರ್ಪಾಲು ಕಟ್ಟುವ ಹೊತ್ತಿಗೆ ಊರೇ ಅಲ್ಲಿ ನೆರೆದಿತ್ತು.

"ಊತಿರೋ ಕೂಸ ತೆಗುದ್ರೆ ಊರ್ಗೇ ಕೇಡು ಕಣ್ರೀ!" ಎಂದು ಒಬ್ಬ ಕೂಗಿದ. "ಮತ ಕೆಟ್ಟೋಳ ಮಾತ್ ಕೇಳ್ಕಂಡು ನಮ್ಮೂರ ಮಣ್ ಅಗೀತೀರಾ?" ಎಂದು ಇನ್ನೊಬ್ಬ. ತಹಶೀಲ್ದಾರರು ಮೈಕು ಹಿಡಿದು ಸಮಾಧಾನ ಹೇಳಿದರು. ಸಮಾಧಾನ ಮುಗಿಯುವ ಮೊದಲೇ ಮೊದಲನೆಯ ಕಲ್ಲು ಬಂತು. ನಮ್ಮ ಕಾನ್‌ಸ್ಟೆಬಲ್ ಒಬ್ಬನ ಹಲ್ಲು ಮುರಿಯಿತು. ಮುಳ್ಳಿನ ಮೇಲಿಂದ ನಾವು ಎತ್ತಿ ಪಕ್ಕಕ್ಕೆ ಹಾಕಿದ್ದ ಕಲ್ಲುಗಳನ್ನೇ ಆರಿಸಿ ನಮಗೆ ಹೊಡೆಯುತ್ತಿದ್ದರು. ತಹಶೀಲ್ದಾರರು ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಹಿಡಿದುಕೊಂಡು, ಜಾಗ ಬಿಟ್ಟು ಕದಲದೆ, "ಅಗೀರಿ, ಅಗೀತಾ ಇರಿ" ಎಂದರು. ಆ ಮನುಷ್ಯನನ್ನು ಅಲ್ಲಿಯವರೆಗೆ ನಾನು ಪುಕ್ಕಲ ಎಂದುಕೊಂಡಿದ್ದೆ.

ಹಾರೆ ಸ್ವಲ್ಪ ಆಳದವರೆಗೆ ಮಾತ್ರ. ಆಮೇಲೆ ಕೈಯಲ್ಲೇ ಮಣ್ಣು ತೆಗೆಯಬೇಕು. ಗುಂಡಿ ಆಳವಿರಲಿಲ್ಲ. ಹಳೆಯ ಟವೆಲ್ಲಿನ ಗಂಟು ಕಂಡಿತು. ವಾಸನೆಗೆ ಒಬ್ಬ ಪಂಚ ಪಕ್ಕಕ್ಕೆ ಹೋಗಿ ವಾಂತಿ ಮಾಡಿದ. ಪಂಚರಲ್ಲಿ ಇನ್ನೊಬ್ಬಳು ಪಿರಿಯಾಪಟ್ಟಣ ಕಡೆಯಿಂದ ಕರೆಸಿದ ಮುದುಕಿ, ಹತ್ತಾರು ಬಾಣಂತನ ಮಾಡಿದವಳು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಗುಂಡಿಯ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಡಾಕ್ಟರಮ್ಮ ಗಂಟು ಬಿಚ್ಚಿದರು. ಗಂಡು. ನನ್ನ ಅಂಗೈಯುದ್ದದ ಬೆನ್ನು. ನೆತ್ತಿಯ ಮೇಲೆ ಎಣ್ಣೆಯಲ್ಲಿ ನೆನೆದ ಅರಿವೆಯ ತುಂಡು, ಗದ್ದದ ಕೆಳಗೆ ದಾರದಲ್ಲಿ ಕಟ್ಟಿದ್ದು. ಡಾಕ್ಟರಮ್ಮ ಪಾದವನ್ನು ಮೆಲ್ಲಗೆ ತಿರುಗಿಸಿದರು. ಎಡದ ಅಂಗಾಲಿನಲ್ಲಿ ಕಪ್ಪಗೆ, ದುಂಡಗೆ ಒಂದು ಗುರುತು.

ಯಾರಾದರೂ ಬಾಯಿ ತೆರೆಯುವ ಮೊದಲೇ ಆ ಬಾಣಂತನದ ಮುದುಕಿ ಎದ್ದು ನಿಂತಳು.

"ಅಯ್ಯೋ, ದೃಷ್ಟಿಬೊಟ್ಟು ಇಕ್ಕವ್ರೆ ಕಣ್ರವ್ವಾ! ನೆತ್ತಿಗೆ ಅಳ್ಳೆಣ್ಣೆ ಒತ್ತವ್ರೆ! ಸತ್ತೇ ಉಟ್ಟಿದ್ ಕೂಸಿಗೆ ಯಾವ ಮುಂಡೆ ದೃಷ್ಟಿಬೊಟ್ಟು ಇಕ್ತಾಳೆ?"

ಕಲ್ಲು ನಿಂತವು. ಆ ಊರಿನ ಹೆಂಗಸರಿಗೆ ಬೇರೆ ವಿವರಣೆ ಬೇಕಾಗಿರಲಿಲ್ಲ. ಬದುಕಿರುವ ಕೂಸಿಗೆ, ಚೆನ್ನಾಗಿರುವ ಕೂಸಿಗೆ, ಜನರ ಕಣ್ಣು ಬೀಳದಿರಲಿ ಎಂದು ಇಡುವ ಬೊಟ್ಟು ಅದು. ಸತ್ತದ್ದಕ್ಕೆ ಇಡುವವರಿಲ್ಲ. ಮಾತು ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು. ಬದುಕಿತ್ತಂತೆ. ಅತ್ತಿತ್ತಂತೆ. ಬೊಟ್ಟಿಟ್ಟು ಊತವ್ರಂತೆ. ಆಮೇಲೆ ಎಲ್ಲರ ತಲೆಗಳೂ ಒಟ್ಟಿಗೆ ತಿರುಗಿದವು. ಅತ್ತೆ ಬೇಲಿಯ ಹತ್ತಿರ ಒಬ್ಬಳೇ ನಿಂತಿದ್ದಳು.

ನಮ್ಮ ಮೇಲೆ ಕಲ್ಲು ಹೊಡೆಯುತ್ತಿದ್ದವರೇ ಈಗ ಅವಳ ಮೇಲೆ ಬಿದ್ದರು. ಜುಟ್ಟು ಹಿಡಿದು ಎಳೆದು ಕೆಡವಿದರು. ಸೀರೆ ಬಿಚ್ಚಿಹೋಯಿತು. ಯಾರೋ ಜಾಲಿಮುಳ್ಳಿನ ಕೊಂಬೆ ಎತ್ತಿಕೊಂಡು ಅವಳ ಮುಖಕ್ಕೆ ಬಾರಿಸಿದರು. ಒಬ್ಬಳು ಎದೆಯ ಮೇಲೆ ಕೂತು ಬಾಯಿಗೆ ಮಣ್ಣು ತುರುಕುತ್ತಿದ್ದಳು. "ಕೊಲ್ರವ್ವಾ ಈ ಮಾರಿಯ!" ಎಂಬ ಕೂಗು ಎದ್ದಿತು. ಹೊಲದ ಕಡೆಯಿಂದ ಒಬ್ಬ ಕುಡುಗೋಲು ಹಿಡಿದು ಓಡಿಬಂದ.

ನಾನು ಹತ್ತಿರದಲ್ಲೇ ಇದ್ದೆ. ಸತ್ಯ ಹೇಳುತ್ತೇನೆ, ಸಾಯಲಿ ಬಿಡು ಎನ್ನಿಸಿತು. ಕಣ್ಣೆದುರು ಆ ಅಂಗೈಯುದ್ದದ ಬೆನ್ನಿತ್ತು. ಕಾಲು ಮುಂದಕ್ಕೆ ಬರಲಿಲ್ಲ. ಆಗ ಹೊಳೆಯಿತು: ಆ ಅಳುವನ್ನು ಎಚ್ಚರದಲ್ಲಿದ್ದು ಹತ್ತಿರದಿಂದ ಕೇಳಿದ ಕಿವಿ, ಬಾಯಿ ಬಿಟ್ಟರೂ ಬಿಡಬಹುದಾದ ಜೀವ ಇವಳೊಬ್ಬಳೇ. ಮಕ್ಕಳಿಬ್ಬರೂ ಜನ್ಮದಲ್ಲಿ ಹೇಳುವುದಿಲ್ಲ. ಇವಳು ಇಲ್ಲಿ ಸತ್ತರೆ ಅಳುವೂ ಇವಳ ಜೊತೆಗೇ ಸಾಯುತ್ತದೆ. ನಾಳೆ ಕೋರ್ಟಿನಲ್ಲಿ ವಕೀಲನೊಬ್ಬ ಎದ್ದು ನಿಂತು ಬೆಕ್ಕು ಅನ್ನುತ್ತಾನೆ.

ನುಗ್ಗಿದೆ. ಎದೆಯ ಮೇಲೆ ಕೂತವಳನ್ನು ಒದ್ದು ಉರುಳಿಸಿ ಅತ್ತೆಯ ಮೇಲೆ ಅಡ್ಡಡ್ಡ ಮಲಗಿದೆ. ಬೇರೆ ದಾರಿ ಇರಲಿಲ್ಲ. ಬೆನ್ನಿಗೆ, ಪಕ್ಕೆಗೆ, ತೊಡೆಗೆ ಒದೆತ ಬಿದ್ದವು. ಯಾವುದು ನನಗೆ, ಯಾವುದು ಅವಳಿಗೆ ಎಂದು ಒದೆಯುವವರಿಗೂ ಗೊತ್ತಿರಲಿಲ್ಲ. ಒಂದು ಕಲ್ಲು ಹುಬ್ಬು ಸೀಳಿತು. ಕಣ್ಣಿಗೆ ರಕ್ತ ಇಳಿದು ಲೋಕ ಕೆಂಪಾಯಿತು. ನನ್ನ ಅಡಿಯಲ್ಲಿ ಮುದುಕಿ ಮಣ್ಣು ಉಗುಳುತ್ತಾ, "ಬುಡವ್ವ, ಬುಡು, ಒಡೀಲಿ" ಎನ್ನುತ್ತಿದ್ದಳು. "ಬಾಯಿ ಮುಚ್ಕೊಂಡು ಬಿದ್ದಿರು, ನಿನ್ನ ಬಾಯಿಂದ ನನಗೆ ಕೆಲಸ ಇದೆ" ಎಂದೆ. ಕುಡುಗೋಲಿನವನನ್ನು ಸಾಹೇಬರು ಲಾಠಿಯಲ್ಲಿ ಕೆಡವಿದರಂತೆ, ನಾನು ನೋಡಲಿಲ್ಲ. ಲಾಠಿ ಬೀಸಿ ದಾರಿ ಮಾಡಿ, ನಮ್ಮಿಬ್ಬರನ್ನೂ ಒಟ್ಟಿಗೇ ಎಳೆದು ಜೀಪಿಗೆ ಹಾಕಿದರು. ಕೂಸನ್ನು ಡಾಕ್ಟರಮ್ಮ ಎದೆಗವಚಿಕೊಂಡೇ ಇನ್ನೊಂದು ಗಾಡಿಗೆ ಓಡಿದ್ದರು. ಉಳಿದ ಪರೀಕ್ಷೆ ಮೈಸೂರಿನ ಶವಾಗಾರದಲ್ಲಿ ನಡೆಯಿತು; ಡಾಕ್ಟರಮ್ಮ ಹೆದರಿದ್ದಂತೆ, ಕೊಳೆತಿದ್ದರಿಂದ ಶ್ವಾಸಕೋಶದ ಪರೀಕ್ಷೆಯಲ್ಲಿ ಏನೂ ಖಚಿತವಾಗಲಿಲ್ಲ. ಆ ಕಪ್ಪು ಕಾಡಿಗೆಯೇ ಅಲ್ಲವೇ ಎಂದು ತಿಳಿಯಲು ಅವರು ಮೊದಲು ಫೋಟೊ ತೆಗೆಸಿ, ಆಮೇಲೆ ಹತ್ತಿಯಲ್ಲಿ ಒರೆಸಿ, ಮೊಹರು ಮಾಡಿ ಕಳಿಸಿದರು.

ಜೀಪಿನಲ್ಲಿ ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದಳು. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಸಾಕ್ಷಿಯಾಗದು ಎಂದು ನನಗೆ ಗೊತ್ತು, ಅದಕ್ಕೇ ನಾನು ಅಪರಾಧದ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ನನ್ನ ಹುಬ್ಬಿಗೆ ಕರವಸ್ತ್ರ ಒತ್ತಿ ಹಿಡಿದುಕೊಂಡು, "ಬೊಟ್ಟು ಯಾಕಿಟ್ಟೆ ಅಜ್ಜಿ?" ಎಂದಷ್ಟೇ ಕೇಳಿದೆ.

"ಚೆಂದಾಗಿತ್ತು ಕಣವ್ವ" ಎಂದಳು. ಮುಳ್ಳು ಗೀರಿದ ಮುಖದ ಮೇಲೆ ಕಣ್ಣೀರು ಇಳಿದು ಉರಿಯಿತೋ ಏನೋ, ಒರೆಸಿಕೊಳ್ಳಲು ಹೋಗಿ ಕೈ ಕೆಳಗಿಟ್ಟಳು. "ವಸಿ ಬಿಸಿನೀರ್ ಉಯ್ದೆ, ಎಣ್ಣೆ ಒತ್ತ್ದೆ. ಕಣ್ ಬುಡ್ತು. ನೋಡ್ತಾ ಇದ್ರೆ ನೋಡ್ತಾನೇ ಇರಂಗಿತ್ತು. ನನ್ ಕಣ್ಣೇ ತಾಕ್ತದೆ ಅಂತ ಇಕ್ದೆ. ಆಮೇಕ್ ಮೈ ತಣ್ಣಗಾಗ್ತಾ ಬಂತು. ಆಸ್ಪತ್ರೆಗೆ ಒಯ್ಯಮ ಕಣ್ಲಾ ಅಂದೆ. ಆ ದ್ಯಾವ್ರ ಕೈ ತಾಕಿರೋ ಕೂಸು ನಮಗ್ ಬ್ಯಾಡ ಅಂತ ದೊಡ್ಮಗ ಬಾಗ್ಲಿಗ್ ಬೀಗ ಆಕ್ಕಂಡ. ಬ್ಯಾರನ್ ಒಲೆ ತಾವಾದ್ರೂ ಕುಂತ್ಕತೀನಿ ಬುಡ್ಲಾ ಅಂದೆ. ಬುಡ್ನಿಲ್ಲ. ನನ್ ಮಡ್ಲಲ್ಲೇ ಓಯ್ತು. ಗೋಡೆ ಆಚೆ ಬೆಂಕಿ ಉರೀತಿತ್ತು ಕಣವ್ವ."

"ಕಿಟಕಿಯಿಂದ ಕೂಗಬಹುದಿತ್ತಲ್ಲ?"

"ಕೂಗಿದ್ರೆ ಮಗನ್ನ ಇಡ್ಕಂಡ್ ಓಯ್ತಿದ್ರಿ."

ಅಜ್ಜಿ ಎಂದು ಕರೆದ ನಾಲಿಗೆಯನ್ನು ಕಚ್ಚಿಕೊಳ್ಳಬೇಕು ಎನ್ನಿಸಿತು. ಆದರೂ ಅವಳಿಗೆ ಕುಡಿಯಲು ನೀರು ಕೊಟ್ಟೆ. ನ್ಯಾಯಾಧೀಶರ ಎದುರು, ಪೊಲೀಸರು ಯಾರೂ ಇಲ್ಲದ ಕೋಣೆಯಲ್ಲಿ, ಯೋಚಿಸಲು ಸಮಯ ಕೊಟ್ಟ ಮೇಲೂ ಅವಳು ಅದನ್ನೇ ಹೇಳಿದಳು. ಹಾಗೆ ಆ ಅಳು ದಾಖಲಾಯಿತು. ಕೇಸು ಇನ್ನೂ ನಡೆಯುತ್ತಿದೆ.

ತಾಯಿಗೆ ಹೇಳಲು ನಾನೇ ಹೋದೆ. ಹುಬ್ಬಿಗೆ ಹೊಲಿಗೆ ಬಿದ್ದಿತ್ತು. ವಾರ್ಡಿನಲ್ಲಿ ಅವಳು ನನ್ನ ಮುಖ ನೋಡಿದವಳೇ ಎದ್ದು ಕೂತಳು.

"ಬೆಕ್ಕಲ್ಲ ಕಣಮ್ಮ" ಎಂದೆ. "ನಿನ್ನ ಮಗನೇ. ಕಣ್ಣೂ ಬಿಟ್ಟಿದ್ನಂತೆ."

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಂಗೈಯಿಂದ ಹಾಸಿಗೆಯನ್ನು ದಪ್ಪದಪ್ಪನೆ ಬಡಿದಳು, ನಾನು ಕೈ ಹಿಡಿದುಕೊಳ್ಳುವವರೆಗೂ ಬಡಿಯುತ್ತಲೇ ಇದ್ದಳು. ಆಮೇಲೆ ನಡೆದದ್ದನ್ನೆಲ್ಲ ಬಿಡದೆ ಕೇಳಿ ತಿಳಿದುಕೊಂಡಳು. ಬೊಟ್ಟಿನ ವಿಷಯ ಬಂದಾಗ ಮಾತ್ರ ತಡೆದಳು.

"ಯಾವ ಕಾಲ್ಗೆ?"

"ಎಡಗಾಲಿಗೆ."

"ಒಳ್ಗಿದ್ದಾಗ್ಲೂ ಎಡಕ್ಕೇ ಒದೀತಿದ್ದ" ಎಂದು ಹೇಳಿ ಗೋಡೆಯ ಕಡೆ ಮಗ್ಗುಲಾದಳು.

ಶವಾಗಾರದಿಂದ ಕೂಸನ್ನು ತಾಯಿಗೇ ಒಪ್ಪಿಸಬೇಕೆಂದು ಆಜ್ಞೆಯಾಯಿತು. ಗಂಡನ ಊರಿನ ಮಣ್ಣು ಬೇಡವೆಂದಳು. ಕೆ.ಆರ್. ನಗರದ ಕಡೆ, ನಾಲೆಯ ಪಕ್ಕ, ಅವಳ ಅಣ್ಣನಿಗೆ ತುಂಡು ಗದ್ದೆಯಿದೆ. ಅಲ್ಲಿ ಗುಂಡಿ ತೋಡಿಸಿದ್ದ. ಹಗಲು ಹೊತ್ತು, ಬಿಸಿಲು ಚುರುಗುಟ್ಟುತ್ತಿತ್ತು. ಬಂದೋಬಸ್ತಿಗೆ ನಾನೊಬ್ಬಳೇ. ಗಲಾಟೆ ಮಾಡಲು ಅಲ್ಲಿ ಯಾರೂ ಇರಲಿಲ್ಲ. ಪಕ್ಕದ ಮನೆಯಾಕೆ ಮುರಿದ ಕೈ ಕಟ್ಟಿಕೊಂಡೇ ಎರಡು ಬಸ್ಸು ಬದಲಿಸಿ ಬಂದಿದ್ದಳು. ಪ್ರಾರ್ಥನೆ ಮಾಡಲೇ ಎಂದು ಕೇಳಿದಳು. ಅಣ್ಣ ಕರ್ಪೂರದ ಪೊಟ್ಟಣ ಹಿಡಿದು, ಅದೆಲ್ಲ ನಮ್ಮಲ್ಲಿ ಬೇಡ ಎಂದ. ಇಬ್ಬರ ದನಿಯೂ ಏರಿತು. ಇಲ್ಲೂ ಶುರುವಾಯಿತಲ್ಲ ಎಂದು ನಾನು ಬಾಯಿ ತೆರೆಯುವುದರಲ್ಲಿದ್ದೆ.

"ವಸಿ ತಡೀರಿ ಇಬ್ರೂವೆ" ಎಂದಳು ತಾಯಿ. ಬಿಳಿ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬದುವಿನ ಮೇಲೆ ಕೂತಿದ್ದಳು. ಬಟ್ಟೆಯ ತುದಿ ಸರಿಸಿ ಎಡಗಾಲನ್ನು ಹೊರಗೆ ತೆಗೆದು ನೋಡಿದಳು. ಪರೀಕ್ಷೆಗೆ ಒರೆಸಿದ ಮೇಲೆ ಅಂಗಾಲು ಖಾಲಿಯಾಗಿತ್ತು. ನನ್ನ ಕಡೆ ತಲೆ ಎತ್ತಿದಳು.

"ಅಕ್ಕ, ಕಾಡಿಗೆ ಐತಾ?"

ಬ್ಯಾಗಿನಿಂದ ಕಾಡಿಗೆ ಕಡ್ಡಿ ತೆಗೆದು ಕೊಟ್ಟೆ. ಅವಳು ಮುಚ್ಚಳ ತೆಗೆದಳು.

"ಓಗಿರೋ ಕೂಸ್ಗೆ ಇನ್ಯಾರ ಕಣ್ಣು ಬೀಳ್ತದವ್ವಾ?" ಎಂದ ಅಣ್ಣ, ಮೆಲ್ಲಗೆ.

ಅವಳು ಎಡದ ಅಂಗಾಲಿಗೆ ಒತ್ತಿ ಒತ್ತಿ ಬೊಟ್ಟಿಟ್ಟಳು. ಬಲಗಾಲನ್ನೂ ಹೊರಗೆ ತೆಗೆದು ಅದಕ್ಕೂ ಇಟ್ಟಳು. ಆಮೇಲೆ ಪಕ್ಕದ ಮನೆಯಾಕೆಯ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀನೇ ಯೋಳ್ದಲ್ಲಕ್ಕ, ಉಟ್ಟೋಕ್ ಮುಂಚೆನೇ ನೋಡಿರ್ತಾನೆ ಅಂತ. ಅಂಗಾರೆ ಅವ್ನ ಕಣ್ಣೇ ತಾಕಿರೋದು ನನ್ ಮಗಂಗೆ. ಇನ್ ಮ್ಯಾಲಾದ್ರೂ ನೋಡ್ದಂಗಿರ್ಲಿ."

ಆಕೆ ಪ್ರಾರ್ಥನೆ ಮಾಡಲಿಲ್ಲ. ಅಣ್ಣ ಕರ್ಪೂರ ಹಚ್ಚಲಿಲ್ಲ. ತಾಯಿ ಕಾಡಿಗೆ ಕಡ್ಡಿಯ ಮುಚ್ಚಳ ಹಾಕಿ ನನಗೆ ವಾಪಸು ಕೊಟ್ಟು, ಕೂಸಿನ ಪಾದಗಳನ್ನು ಬಟ್ಟೆಯೊಳಗೆ ಸೇರಿಸಿ, ತಾನೇ ಗುಂಡಿಗೆ ಇಳಿದಳು.